ಐದನೆಯ ಕಂಬ

ಐದನೆಯ ಕಂಬದ ಬುಡ ಅಗೆಯುವ ದಿನ ಬಂದೇಬಿಟ್ಟಿತು. ಮುದುಕ ಯಾಸಾಕು ಬೆಳಗಿನ ಮಿಸೊ ಸಾರನ್ನು ಬಟ್ಟಲಲ್ಲೇ ಬಿಟ್ಟು ಎದ್ದ.

ತ್ಸುಗರು ಸೀಮೆಯ ಆ ಬಯಲು ಮ್ಯೂಸಿಯಂನಲ್ಲಿ, ನಾಲ್ಕು ಸಾವಿರ ವರ್ಷದ ಹಿಂದಿನವರ ಗುಂಡಿಮನೆಯನ್ನು ಅವರಂತೆಯೇ ಕಲ್ಲುಕೊಡಲಿಯಲ್ಲಿ ಮರ ಕಡಿದು ಕಟ್ಟಿದ್ದು ಅವನ ಮೇಸ್ತ್ರಿಕೆಯಲ್ಲಿ. ಆರು ಕಂಬ, ಆರೂ ಚೆಸ್ಟ್‌ನಟ್ ಎಂಬ ಗಟ್ಟಿ ಮರದವು ಎಂದು ಮ್ಯೂಸಿಯಂನ ಪುಸ್ತಕದಲ್ಲಿ ಬರೆದಿತ್ತು. ಅಂಥ ಕಂಬ ಮಣ್ಣಿನಲ್ಲಿ ಎಷ್ಟು ವರ್ಷ ಬಾಳುತ್ತದೆಂದು ನೋಡುವುದಕ್ಕೇ ಆ ಮನೆ ಎದ್ದದ್ದು. ಆದರೆ ಒಂಬತ್ತು ವರ್ಷದ ಹಿಂದೆ, ಹಿಮ ಬೇಗ ಬಿದ್ದ ವರ್ಷ, ಐದನೆಯ ದಿಮ್ಮಿ ಉದ್ದಕ್ಕೂ ಸೀಳಿತು. ಉದ್ಘಾಟನೆಗೆ ನಾಲ್ಕೇ ದಿನ. ಯಾಸಾಕು ತನ್ನ ಹಿತ್ತಲಿನ ಸುಗಿ ಮರ ಕಡಿದು ತಂದು, ಬುಡ ಸುಟ್ಟು, ಮಸಿ ಬಳಿದು ನಿಲ್ಲಿಸಿದ. ಸುಗಿ ಹಗುರ ಮರ, ಹಸಿ ಮಣ್ಣು ಅದಕ್ಕಾಗದು. ಸಂಗತಿ ಗೊತ್ತಿದ್ದದ್ದು ಅವನಿಗೆ ಮತ್ತು ಜೊತೆಗಾರ ಗೆಂಗೊಗೆ ಮಾತ್ರ.

"ಯಾಕೋ ಹುಳಿ ಉಪ್ಪಿನಕಾಯಿ ಕಚ್ಚಿದ ಹಾಗೆ ಮುಖ ಮಾಡ್ಕೊಂಡಿದ್ದೀಯ?" ಎಂದ ಗೆಂಗೊ, ಗುದ್ದಲಿ ಹಿಡಿದು. "ಕೊಳೆತ ಮೇಲೆ ಎಲ್ಲಾ ಮರಾನೂ ಒಂದೇ. ನಾವೂ ಅಷ್ಟೇ."

"ಅವರು ಕೇಳಿದ್ರೆ?"

"ಕೇಳಿದ್ರೆ ತಾನೆ! ಬಾಯಿಗೆ ಬೀಗ ಹಾಕ್ಕೋ, ಸಾಕು."

ಮ್ಯೂಸಿಯಂನ ಸಂಶೋಧಕಿ ಹಮಾದಾ, ಎಲ್ಲರ ಬಾಯಲ್ಲೂ ಮೇಷ್ಟ್ರಮ್ಮ, ಆಗಲೇ ಗುಂಡಿಮನೆಯೊಳಗೆ ಮಂಡಿಯೂರಿ ಕೂತಿದ್ದರು. ಮೊದಲ ನಾಲ್ಕು ಕಂಬಗಳಲ್ಲಿ, ಮರ ಕೊಳೆತಿದೆಯೇ ಎಂದು ಚುಚ್ಚಿ ನೋಡುವ ಅವರ ದಬ್ಬಳ ಉಗುರಿನಷ್ಟೂ ಇಳಿಯಲಿಲ್ಲ. ಐದನೆಯದರಲ್ಲಿ ಹಿಡಿಯವರೆಗೂ ಹೋಯಿತು. ಅಂಗೈಗೆ ಕಪ್ಪು ರಾಡಿ ಬಂತು.

ಬೈಗುಳ ಬರುತ್ತದೆಂದು ಯಾಸಾಕು ತಲೆ ತಗ್ಗಿಸಿದ.

"ಅಜ್ಜಾ, ನೋಡಿದ್ರಾ! ಒಂಬತ್ತೇ ವರ್ಷ! ಚೆಸ್ಟ್‌ನಟ್ ಇಪ್ಪತ್ತು ಬರುತ್ತೆ ಅಂತಿದ್ವಲ್ಲ, ನೀರು ನಿಲ್ಲೋ ಮೂಲೇಲಿ ಹತ್ತೂ ಬರಲ್ಲ ಅಂತಾಯ್ತು. ಅದಕ್ಕೇ ಆ ಜನ ಮನೆ ಬಿಟ್ಟು ಮನೆ ಕಟ್ತಿದ್ರೋ ಏನೋ! ಇದನ್ನ ಬರೀಲೇಬೇಕು," ಎಂದು ಹಮಾದಾ ಪೆನ್ಸಿಲು ತೆಗೆದರು.

ಗೆಂಗೊ ಕಣ್ಣು ಮಿಟುಕಿಸಿದ. ಗಂಡಾಂತರ ದಾಟಿತ್ತು. ಆದರೆ ಬೈಸಿಕೊಳ್ಳಲು ಗಟ್ಟಿಮಾಡಿಕೊಂಡಿದ್ದ ಯಾಸಾಕುವಿನ ಮನಸ್ಸು ಮೇಷ್ಟ್ರಮ್ಮನ ಆ ಹಿಗ್ಗನ್ನು ತಾಳಲಿಲ್ಲ. ಎಂದೋ ಮಣ್ಣಾದ, ಬಾಯಿಲ್ಲದ ಜನ. ಅವರ ಮೇಲೆ ತನ್ನ ಹಿತ್ತಲಿನ ಮರ ಸುಳ್ಳು ಸಾಕ್ಷಿ ಹೇಳುತ್ತಿದೆ. ಪೆನ್ಸಿಲು ಹಾಳೆಯ ಮೇಲೆ ಸರಸರ ಓಡುತ್ತಿತ್ತು.

"ಮೇಷ್ಟ್ರಮ್ಮಾ, ಬರೀಬೇಡಿ. ಅದು ಸುಗಿ."

"ಏನಂದ್ರಿ?"

"ದಿಮ್ಮಿ ಸೀಳ್ತು. ಹೇಳೋಕೆ ನಾಚ್ಕೆ ಆಯ್ತು. ನಾನೇ ನಿಲ್ಲಿಸ್ದೆ."

"ಥೂ ಮುದುಕಾ," ಎಂದು ಗೊಣಗಿ, ಗುದ್ದಲಿ ಬಿಸಾಕಿ ಗೆಂಗೊ ಹೊರಗೆ ನಡೆದ.

ಹಮಾದಾ ಬರೆದದ್ದನ್ನು ಹೊಡೆದುಹಾಕಿದರು.

"ಮಿಕ್ಕ ಐದು?"

"ಅವು ಚೆಸ್ಟ್‌ನಟ್ಟೇ. ನನ್ನಾಣೆ."

ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಸಣ್ಣ ಚಾಕು ತೆಗೆದು, ಮೊದಲ ಕಂಬದಿಂದ ಒಂದು ಚೂರು ಕೆತ್ತಿ, ಪರೀಕ್ಷೆಗೆ ಕಳಿಸುವ ಲಕೋಟೆಗೆ ಹಾಕಿ ಅಂಕಿ ಬರೆದರು. ಎರಡನೆಯದು, ಮೂರನೆಯದು, ನಾಲ್ಕನೆಯದು. ಒಂಬತ್ತು ವರ್ಷ ಅವನ ಮಾತೇ ಸಾಕಾಗಿತ್ತು.

ಆರನೆಯದರ ಬುಡ ಇನ್ನೂ ಅಗೆದಿರಲಿಲ್ಲ. ಯಾಸಾಕು ಗುದ್ದಲಿ ಎತ್ತಿಕೊಂಡ. ಅಗೆಯುತ್ತ ಅಗೆಯುತ್ತ ಅವನಿಗೇ ತನ್ನ ನೆನಪಿನ ಮೇಲೆ ನಂಬಿಕೆ ಹೋಯಿತು. ಆ ಗಡಿಬಿಡಿಯಲ್ಲಿ ಇನ್ನೊಂದು ಸುಗಿಯನ್ನೇನಾದರೂ ನಿಲ್ಲಿಸಿಬಿಟ್ಟಿದ್ದನೆ?

"ನೀವೇ ಚುಚ್ಚಿ," ಎಂದು ಹಮಾದಾ ದಬ್ಬಳ ಕೊಟ್ಟರು.

ಅವನು ಉಸಿರು ಹಿಡಿದು ಒತ್ತಿದ. ಮೊನೆ ಒಂದಿಷ್ಟು ಕಚ್ಚಿ ಅಲ್ಲೇ ನಿಂತಿತು, ಕಲ್ಲಿಗೆ ತಾಗಿದಂತೆ.

ಆದರೂ ಅವರು ಚಾಕು ತೆಗೆದರು. ಯಾಸಾಕು ಲಕೋಟೆಯ ಬಾಯಿ ಅಗಲಿಸಿ ಹಿಡಿದುಕೊಂಡ.