ಅಳಿಯನ ಕೆರವು

ದುಮ್ಮವಾಡದಿಂದ ಬಂದ ದಾರದಲ್ಲಿ ಎರಡು ಗಂಟುಗಳಿದ್ದವು. ಒಂದು ಗಂಟಿನವರೆಗೆ ಅಂಗಾಲಿನ ಉದ್ದ, ಇನ್ನೊಂದರವರೆಗೆ ಮುಂಗಾಲಿನ ಸುತ್ತಳತೆ. ಗೌರಕ್ಕ ತನ್ನನ್ನು ಮದುವೆಯಾಗಲಿರುವ ಕುಬೇರಪ್ಪನ ಮುಖವನ್ನು ಹೆಣ್ಣು ನೋಡಲು ಬಂದ ದಿನ ಓರೆಗಣ್ಣಿನಿಂದ ಕಂಡಿದ್ದಳು, ಅಷ್ಟೇ. ಈಗ ಅವನ ಕಾಲು ದಾರವಾಗಿ ಬಂದಿತ್ತು. ಅಳಿಯನಿಗೆ ಮೆಟ್ಟಿದರೆ ಜೀರ್ ಜೀರ್ ಎನ್ನುವ ಹೊಸ ತೊಗಲಿನ ಕೆರವು ಕೊಡಬೇಕಾದದ್ದು ಹೆಣ್ಣಿನ ಮನೆಯವರು.

ಯರಗುಪ್ಪಿಯಿಂದ ಚಕ್ಕಡಿ ಕಟ್ಟಿಕೊಂಡು ಅವಳನ್ನೂ ಅವಳ ತಾಯಿ ಶಾರದವ್ವನನ್ನೂ ಕುಂದಗೋಳದ ಸಂತೆಗೆ ಕರೆತಂದವನು ಅಂದಾನೆಪ್ಪ, ಶಾರದವ್ವನ ತೀರಿಹೋದ ಅಣ್ಣನ ಮಗ, ಅದೇ ಓಣಿಯಲ್ಲಿ ಬೇರೆ ಮನೆಯಲ್ಲಿರುವವನು. ಮೆಣಸಿನಕಾಯಿ ರಾಶಿಗಳನ್ನು ದಾಟಿದರೆ ಬೇವಿನ ಗಿಡದ ಕೆಳಗೆ ಹನಮಂತಪ್ಪ ಗೋಣಿತಟ್ಟು ಹಾಸಿ ಕೆರವು ಇಟ್ಟುಕೊಂಡು ಕೂತಿರುತ್ತಿದ್ದ. ಬಾಜುವಿನಲ್ಲಿ ಒಬ್ಬ ಹುಬ್ಬಳ್ಳಿಯ ರಬ್ಬರಿನ ಚಪ್ಪಲಿಗಳನ್ನು ಹಗ್ಗಕ್ಕೆ ನೇತುಹಾಕಿದ್ದ.

“ಅವನ್ನ ತಗೊಂಡ್ರ ಸೋವಿ ಬೀಳತಾವೇನೋ,” ಎಂದಳು ಶಾರದವ್ವ, ಚೌಕಾಸಿ ಸುರುಮಾಡಲೆಂದೇ.

“ತಗೋರಿ,” ಎಂದ ಹನಮಂತಪ್ಪ. “ಸಪ್ಪಳನ ಮಾಡಂಗಿಲ್ಲ ಅವು, ಕಳ್ಳರಿಗೆ ಅಗದಿ ಚಲೋ. ನಿಮ್ಮ ಅಳಿಯಾ ಏನ್ ಉದ್ಯೋಗ ಮಾಡ್ತಾರ್ರಿ?”

ಶಾರದವ್ವ ನಕ್ಕು ಸೋತಳು. ಹನಮಂತಪ್ಪ ದಾರವನ್ನು ಎಳೆದು ನೋಡಿದ. “ಬರೇ ದಾರ ನೋಡಿ ಹೊಲಿಲಿಕ್ಕೆ ಬರಂಗಿಲ್ಲವ್ವಾ. ಈ ಅಳತಿದು ಒಂದ ಕಾಲ ಬೇಕು.”

ಪಕ್ಕದಲ್ಲಿ ತೊಗಲಿನ ಎಳೆಗಳನ್ನು ಹೆಣೆಯುತ್ತಿದ್ದ ಅವನ ಹೆಂಡತಿ ದುರ್ಗವ್ವ ತಲೆಯೆತ್ತಿದಳು. ಎತ್ತಿನ ಹಗ್ಗ ಹಿಡಿದು ಬರಿಗಾಲಲ್ಲಿ ನಿಂತಿದ್ದ ಅಂದಾನೆಪ್ಪನ ಮೇಲೆ ಅವಳ ಕಣ್ಣು ಬಿತ್ತು. “ಏ ತಮ್ಮಾ, ಬಾ ಇಲ್ಲೆ. ಕಾಲ ಇಡು.”

ದಾರ ಇಟ್ಟರೆ ಎರಡೂ ಗಂಟು ಸರಿಯಾಗಿ ಕೂತವು.

“ಮದಿಮಗನ್ನ ಮನಿಯಾಗ ಇಟ್ಕೊಂಡು ದುಮ್ಮವಾಡದ ತನಕ ಯಾಕ ಹೋಗಿದ್ರೆವ್ವಾ?” ಎಂದಳು ದುರ್ಗವ್ವ.

ಸುತ್ತಲಿದ್ದವರೆಲ್ಲ ನಕ್ಕರು. ಶಾರದವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಗೌರಕ್ಕ ಮೆಣಸಿನಕಾಯಿ ರಾಶಿಯ ಕಡೆ ಮುಖ ತಿರುಗಿಸಿದಳು. ಘಾಟಿಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ.

ಹೆಣ್ಣು ಕೇಳಲು ಗಂಡಿನ ಕಡೆಯ ಹಿರಿಯರು ಬರಬೇಕು. ಅಪ್ಪ ಅವ್ವ ಇಬ್ಬರೂ ಇಲ್ಲದ ಅಂದಾನೆಪ್ಪನಿಗೆ ಉಳಿದ ಹಿರಿಯಳೆಂದರೆ ಸೋದರತ್ತೆ ಶಾರದವ್ವ ಒಬ್ಬಳೇ. ಅವಳು ತನ್ನ ಮನೆಯಿಂದ ಹೊರಟು ತನ್ನ ಮನೆಗೇ ಬಂದು ತನ್ನ ಮಗಳನ್ನೇ ಹೇಗೆ ಕೇಳಿಯಾಳು? ಹಾಗಾಗಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರೋ ಏನೋ, ಅದೂ ತಿಳಿಯಲಿಲ್ಲ. ಗೌರಕ್ಕ ಮಾತ್ರ ಎರಡು ಸುಗ್ಗಿಗಳುದ್ದಕ್ಕೂ, ಯಾರಾದರೂ ಬಂದಾರು ಎಂದು ಬಾಗಿಲ ಕಡೆ ಕಿವಿಯಿಟ್ಟೇ ಜೋಳ ಹಸನು ಮಾಡಿದ್ದಳು.

ಮುಂದಿನ ಸಂತೆಗೆ ಕೆರವು ತಯಾರಾಗಿ ಬಂತು. ಕೆಂಪು ಗೊಂಡೆ, ಸಣ್ಣ ಹೆಣಿಗೆ, ಸಪ್ಪಳ ಬರಲೆಂದು ಅಟ್ಟೆಯ ಪದರುಗಳ ನಡುವೆ ಇಟ್ಟು ಹೊಲಿದ ಒಣಬೀಜ. ಆದರೆ ತೊಗಲು ಹಲಗೆಯಂತೆ ಬಿರುಸಾಗಿತ್ತು.

“ಅಂದಾನಿ, ಮದಿವಿ ತನಕ ನೀನ ಹಾಕ್ಕೊಂಡು ಅಡ್ಡಾಡಪಾ,” ಎಂದಳು ಶಾರದವ್ವ. “ಔಡಲೆಣ್ಣಿ ಹಚ್ಚಿ ಹದಾ ಮಾಡಿ ಕೊಡು. ಅಳಿಯಾರ ಕಾಲ ಕಚ್ಚಬಾರದು.”

“ಹೂಂ ಅತ್ತಿ,” ಎಂದ ಅಂದಾನೆಪ್ಪ.

ಅಂದಿನಿಂದ ಹೊತ್ತು ಮುಳುಗುವಾಗ ಓಣಿಯಲ್ಲಿ ಆ ಸಪ್ಪಳ ಬರತೊಡಗಿತು. ಚಿಕ್ಕಂದಿನಲ್ಲಿ ಎತ್ತು ತುಳಿದು ಅವನ ಎಡಗಾಲಿನ ಕಿರುಬೆರಳು ಹೋಗಿತ್ತು. ಆ ಹೆಜ್ಜೆಯನ್ನು ಅವನು ಬೇಗ ಎತ್ತುತ್ತಿದ್ದ. ಬಲಗಾಲಿನದು ಉದ್ದನೆಯ ಜೀ‌ರ್, ಎಡಗಾಲಿನದು ಮೊಟಕು. ಕಟ್ಟೆಯ ಮೇಲೆ ಕೂತವರು ಸುಮ್ಮನಿರುತ್ತಿರಲಿಲ್ಲ. “ಏನಲೇ ಅಂದಾನಿ, ಮಂದೀ ಕೆರವಿನಾಗ ಮದಿಮಗ ಆದೆಲ್ಲೋ!” ಒಳಗೆ ದೀಪ ಒರೆಸುತ್ತಿದ್ದ ಗೌರಕ್ಕನ ಕೈ, ಸಪ್ಪಳ ಮನೆಯ ಮುಂದೆ ಬಂದಾಗ ನಿಲ್ಲುತ್ತಿತ್ತು. ಇವತ್ತು ಹೊಸ್ತಿಲಲ್ಲಿ ನಿಂತಾನು. ನಿಂತರೆ ನಾನೇ ಹೇಳುತ್ತೇನೆ, ಹಿರಿಯರು ಇಲ್ಲದಿದ್ದರೆ ಇಲ್ಲ, ನೀನೇ ಕೇಳು ಎಂದು. ಸಪ್ಪಳ ಬಾವಿಯ ಕಡೆ ತಿರುಗಿ ಸಣ್ಣದಾಗುತ್ತಿತ್ತು.

ಹಂದರ ಹಾಕಿದ ದಿನ ಅವನು ನಿಜವಾಗಿ ನಿಂತ. ಶಾರದವ್ವ ಹಿತ್ತಲಲ್ಲಿ ಹೆಂಗಸರ ಜೊತೆ ಹಪ್ಪಳ ಒಣಹಾಕುತ್ತಿದ್ದಳು. ಅಂದಾನೆಪ್ಪ ಕೆರವು ಬಿಟ್ಟು, ಅರಿವೆಯಿಂದ ಒರೆಸಿ, ಜೋಡಿಸಿ ಕಟ್ಟೆಯ ಮೇಲಿಟ್ಟ.

“ಇನ್ನ ಕಚ್ಚಂಗಿಲ್ಲ ಗೌರಾ. ಹದಾ ಆಗ್ಯಾವು.”

ಅವಳು ಅಷ್ಟು ದಿನ ಎಷ್ಟೋ ಮಾತು ಕೂಡಿಸಿಟ್ಟಿದ್ದಳು. ಕೊನೆಗೆ ಹೊರಟದ್ದು ಇಷ್ಟೇ: “ನಿನ್ನ ಕಚ್ಚಿದ್ವೇನ ಮಾವಾ?”

“ಮೊದಲ ಕಚ್ಚಿದ್ವು,” ಎಂದ ಅವನು. ಏನೋ ಹೇಳುವವನಂತೆ ಹಂದರದ ಕಂಬ ಹಿಡಿದ. “ಆಮ್ಯಾಲ ರೂಢಿ ಆತು.”

ಬರಿಗಾಲಲ್ಲಿ ಹೋದ. ಸಪ್ಪಳವೇ ಇರಲಿಲ್ಲ, ಹಾಗಾಗಿ ಅವನು ಯಾವ ತಿರುವಿನಲ್ಲಿ ಮರೆಯಾದನೆಂದು ಅವಳಿಗೆ ಗೊತ್ತಾಗಲಿಲ್ಲ.

ಕೆರವಿನೊಳಗೆ ಪಾದ ಕಪ್ಪಗೆ ಮೂಡಿತ್ತು. ಎಡಗಾಲಿನದರಲ್ಲಿ ನಾಲ್ಕೇ ಬೆರಳಿನ ಗುರುತು. ಐದನೆಯ ಬೆರಳಿನ ಜಾಗದಲ್ಲಿ ತೊಗಲು ಹೊಸದರಂತೆಯೇ ಹೊಳೆಯುತ್ತಿತ್ತು.

ಕುಬೇರಪ್ಪ ಒಳ್ಳೆಯ ಮನುಷ್ಯ. ಮದುವೆಯ ದಿನ ಕೆರವು ಮೆಟ್ಟಿ, “ಅಗದಿ ಮೆತ್ತಗದಾವು, ಎಡಗಾಲಿನ್ಯಾಗ ಇಲ್ಲೆ ಒಂದೀಟು ಬಿಗೀ ಐತಿ ನೋಡು,” ಎಂದು ಕಿರುಬೆರಳು ತೋರಿಸಿ ನಕ್ಕ. ದುಮ್ಮವಾಡದಲ್ಲಿ ಮೊದಮೊದಲು, ಅವನು ಹೊಲದಿಂದ ಬರುವಾಗ, ಆ ಬಿಗಿಗೆ ಎಡಗಾಲು ಬೇಗ ಎತ್ತುತ್ತಿದ್ದ. ಉದ್ದನೆಯ ಜೀರ್, ಮೊಟಕು ಜೀರ್. ಗೌರಕ್ಕ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಎದುರಿಗೆ ಕುಬೇರಪ್ಪ ನಿಂತಿರುತ್ತಿದ್ದ. ತನಗಾಗಿಯೇ ಓಡಿಬಂದಳೆಂದು ಹಿಗ್ಗುತ್ತಿದ್ದ. ಅವಳು ನೀರಿನ ತಂಬಿಗೆ ಕೊಟ್ಟು ತಲೆ ತಗ್ಗಿಸುತ್ತಿದ್ದಳು.

ದಿನ ಹೋದಂತೆ ತೊಗಲು ಅವನ ಐದನೆಯ ಬೆರಳಿಗೂ ಜಾಗ ಕೊಟ್ಟಿತು. ಎರಡು ಹೆಜ್ಜೆಯೂ ಸಮನಾದವು. ಮರುವರ್ಷದ ಮಳೆಗಾಲಕ್ಕೆ ಅಟ್ಟೆ ನೆನೆದು ಬಿಚ್ಚಿ, ಬೀಜ ಎಲ್ಲೋ ಉದುರಿ, ಸಪ್ಪಳವೂ ಹೋಯಿತು.

“ಕುಂದಗೋಳದ ಹನಮಂತಪ್ಪನ ಕಡೇನ ಇನ್ನೊಂದು ಜೋಡು ಹೊಲಸೂಣು,” ಎಂದ ಕುಬೇರಪ್ಪ ಒಂದು ದಿನ. “ನಿಮ್ಮ ಅಂದಾನಿ ಮಾವಗ ಹೇಳಿ ಕಳಸು. ಹೋದ ಸರ್ತಿಯಂಗ ಹದಾ ಮಾಡಿ ಕೊಡಲಿ. ಅವನ ಕಾಲು ನನ್ನ ಕಾಲು ಒಂದ ಅಳತಿ ಅಂತಲ್ಲ.”

ಹೇಳಿಕಳಿಸಿದರೆ ಅವನು ಹೂಂ ಎನ್ನುತ್ತಾನೆ. ಹೊತ್ತು ಮುಳುಗುವಾಗ ಮತ್ತೆ ಆ ಓಣಿಯಲ್ಲಿ ನಡೆಯುತ್ತಾನೆ, ಈ ಸಲ ಅವಳಿಲ್ಲದ ಮನೆಯ ಮುಂದೆ. ಆಮೇಲೆ ಅದೇ ಹೆಜ್ಜೆ ಮತ್ತೊಮ್ಮೆ ತನ್ನ ಬಾಗಿಲಿಗೆ ಬರುತ್ತದೆ, ಕೆಲವು ದಿನದ ಮಟ್ಟಿಗಾದರೂ. ಗೌರಕ್ಕನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಒಲೆಯ ಮುಂದೆ ಕೂತವಳು ಉರಿಯುವ ಒಲೆಗೇ ಮತ್ತೆ ಮತ್ತೆ ಕಟ್ಟಿಗೆ ಇಟ್ಟಳು.

“ಬ್ಯಾಡ್ರಿ,” ಎಂದಳು ಕೊನೆಗೆ. “ಈ ಸರ್ತಿ ನೀವ ಹಾಕ್ಕೊಂಡು ಹದಾ ಮಾಡ್ಕೋರಿ.”

“ಕಚ್ಚತಾವಲ್ಲ ಮಾರಾಯ್ತಿ!”

“ಕಚ್ಚಲಿ. ಎಣ್ಣಿ ನಾ ಹಚ್ಚಿ ಕೊಡ್ತೀನಿ.”

ಕುಬೇರಪ್ಪ ನಗುತ್ತ ಹೊರಗೆ ಹೋದ. ಹಳೆಯ ಎಡಗಾಲಿನ ಕೆರವನ್ನು ದೃಷ್ಟಿ ತಾಗದಿರಲೆಂದು ಚಕ್ಕಡಿಯ ಕೆಳಗೆ ಕಟ್ಟಿ, ಎತ್ತು ಹೂಡಿದ. ಚಕ್ಕಡಿ ಹೊರಟಿತು. ಗೌರಕ್ಕ ಬಾಗಿಲಿಗೆ ಬಂದು ನಿಂತಳು. ಕರಿಮಣ್ಣಿನ ದಾರಿಯಲ್ಲಿ ಆ ಕೆರವು ಅತ್ತಿತ್ತ ತೂಗುತ್ತ, ಸಪ್ಪಳವಿಲ್ಲದೆ, ಹೋಗುತ್ತಿತ್ತು.