ಗುಳ್ಳೆಗೆ ಕಾಲಂ ಇಲ್ಲ

"ಅದಲ್ಲ ಮಾವ, ಅದು ಪೈಪಿನ ಬ್ರಷ್ಷು," ಎಂದಳು ಮಗಳು.

ಸೋದರಮಾವ ಅಷ್ಟರಲ್ಲಿ ಬ್ರಷ್ಷನ್ನು ಬಿಸಿನೀರಿಗೆ ಅದ್ದಿಯಾಗಿತ್ತು. ಹೊರಗೆ ತೆಗೆದು ಮೂಸಿ ನೋಡಿ ಮುಖ ಸಿಂಡರಿಸಿದ. ಕೂದಲಿನ ಬುಡದಲ್ಲಿ ಕಪ್ಪಗೆ ಗ್ರೀಸು ಮೆತ್ತಿಕೊಂಡಿತ್ತು.

"ಮತ್ತೆ ಮುಖದ್ದು ಎಲ್ಲಿ?"

"ಅದು ಸವೆದು ಹೋಯ್ತು. ಆಮೇಲೆ ಅಪ್ಪ ಕೈಯಲ್ಲೇ ಸೋಪು ಹಚ್ಕೋತಿದ್ರು."

"ಪೈಪಿಗೆ ಬ್ರಷ್ಷು, ತನ್ನ ಮುಖಕ್ಕೆ ಬರೀ ಕೈ. ಭಾವನ ಕತೆಯೇ ಇಷ್ಟು," ಎಂದು ಮಾವ ಅಂಗೈಯಲ್ಲಿ ಸೋಪು ತಿಕ್ಕಿಕೊಂಡ.

ಚಾಪೆಯ ಮೇಲೆ ಮಲಗಿಸಿದ್ದ ಅಪ್ಪನ ಹೆಣದ ಮುಖದಲ್ಲಿ ಆಸ್ಪತ್ರೆಯ ನಾಲ್ಕು ದಿನದ ಗಡ್ಡ ಬೆಳೆದಿತ್ತು. ಹೀಗೇ ಕಳಿಸುವುದು ಬೇಡ, ಅವರು ದಿನಾ ನುಣ್ಣಗೆ ಇರುತ್ತಿದ್ದರು ಎಂದು ತಾಯಿ ಹೇಳಿದ್ದಳು. ಮಾವ ಕೆನ್ನೆಗೆ, ಗಲ್ಲಕ್ಕೆ, ಮೂಗಿನ ಕೆಳಗೆ ನೊರೆ ಬಳಿದು ಬ್ಲೇಡು ತೆಗೆಯಲು ತಿರುಗಿದ. ಮಗಳು ಮೂಗಿನ ಕೆಳಗಿನ ನೊರೆಯನ್ನೇ ನೋಡುತ್ತ ನಿಂತಳು. ಅದು ಹಚ್ಚಿದ ಹಾಗೇ ಇತ್ತು. ಒಂದು ಗುಳ್ಳೆಯೂ ಏಳಲಿಲ್ಲ.

ಅವಳು ಪೈಪಿನ ಬ್ರಷ್ಷನ್ನು ಹಿಂಡಿ, ಕಿಟಕಿಯ ಮೇಲೆ ಅದರ ಜಾಗದಲ್ಲಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ, ಅಪ್ಪ ದುಡಿಯುತ್ತಿದ್ದ ರಾಸಾಯನಿಕ ಪ್ಲಾಂಟಿನ ಹಳೆಯ ಫಿಟ್ಟರ್ ಕೂತಿದ್ದ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ, ಬೂಟು ಕೂಡ ಬಿಚ್ಚಿರಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಎದುರುಮನೆಯ ಅಜ್ಜಿ.

"ಹನ್ನೆರಡು ವರ್ಷದಿಂದ ಎದುರುಗಡೆ ಇದ್ದೀನಿ. ಆತ ಅಲ್ಲಿ ಏನು ಕೆಲಸ ಮಾಡ್ತಿದ್ದ ಅಂತ ಇವತ್ತಿಗೂ ಗೊತ್ತಿಲ್ಲ ನೋಡು," ಎಂದಳು ಅಜ್ಜಿ.

"ಗಾಳಿ ಲೆಕ್ಕ ಬರೀತಿದ್ರು ಅಜ್ಜಿ. ಪ್ಲಾಂಟಿನ ಪೈಪು, ವಾಲ್ವು ಎಲ್ಲಾ ಕಡೆಯಿಂದ ಚೂರುಚೂರು ಗ್ಯಾಸು ಸೋರುತ್ತಲ್ಲ, ವರ್ಷಕ್ಕೆ ಎಷ್ಟು ಟನ್ ಗಾಳಿಗೆ ಹೋಯ್ತು ಅಂತ ಸರ್ಕಾರಕ್ಕೆ ಹೇಳ್ಬೇಕು."

"ಕಣ್ಣಿಗೆ ಕಾಣದ್ದನ್ನ ಹೇಗಪ್ಪ ಅಳೀತಾರೆ?"

"ಅಳೆಯಲ್ಲ. ಅಂದಾಜು."

"ಓ, ನನ್ನ ಸೊಸೆ ಅಡುಗೆಗೆ ಉಪ್ಪು ಹಾಕಿದ ಹಾಗೆ!"

ಫಿಟ್ಟರ್ ನಗಬಾರದೆಂದು ತಲೆ ತಗ್ಗಿಸಿದ. "ಕೊನೇ ವರ್ಷ ಮಾತ್ರ ಅಂದಾಜು ಬಿಟ್ಟು, ಸೋಪಿನ ನೀರು, ಬ್ರಷ್ಷು ಹಿಡ್ಕೊಂಡು ಜಾಯಿಂಟ್ ಜಾಯಿಂಟಿಗೂ ಹಚ್ಚಿ ನೋಡಿದ್ರು. ಗುಳ್ಳೆ ಎದ್ರೆ ಸೋರ್ತಿದೆ ಅಂತ. ಹುಡುಗರೆಲ್ಲ ಸೋಪಣ್ಣ ಅಂತ ಹೆಸರಿಟ್ರು. ನಾನೂ ಕರೆದಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಗಾಳಿ ಗುದ್ದಿ ಮೈ ನೋಯಿಸ್ಕೊಂಡ್ರು, ಅಷ್ಟೆ."

ಒಳಗೆ ಮಗಳಿಗೆ ಎಲ್ಲ ಕೇಳಿಸುತ್ತಿತ್ತು. ಅವಳ ಕಪಾಟಿನಲ್ಲಿ, ಮಡಿಸಿಟ್ಟ ಬಟ್ಟೆಗಳ ಕೆಳಗೆ ಅಪ್ಪನ ಫೈಲಿತ್ತು. ಆಸ್ಪತ್ರೆಯಲ್ಲಿ ಮಾತಾಡಲು ಆಗುತ್ತಿದ್ದ ಕೊನೆಯ ಸಂಜೆ ಅಪ್ಪ ಈ ವರ್ಷದ ಲೆಕ್ಕದ ಫಾರ್ಮಿಗೆ ಸಹಿ ಹಾಕಿ ಅವಳ ಕೈಗೆ ಕೊಟ್ಟಿದ್ದ. "ಪ್ಲಾಂಟಿನ ಸಾಹೇಬರು ಬಂದಾಗ ನೀನೇ ಕೊಡು. ಸುಮ್ನೆ ಕೊಡಬೇಡ. ಸಂಖ್ಯೆ ತೋರಿಸಿ, ಇದು ಎಣಿಸಿದ್ದು ಅಂತ ಬಾಯಿಬಿಟ್ಟು ಹೇಳು. ಹೇಳ್ತೀಯಲ್ಲ?"

ಹೂಂ ಎಂದಿದ್ದಳು. ಅಂಗಡಿಯವನ ಹತ್ತಿರ ಚಿಲ್ಲರೆ ಕಡಿಮೆ ಬಂತು ಎಂದು ಹೇಳಲೂ ಬಾಯಿ ಬಾರದ ಹುಡುಗಿ ಅವಳು.

*

ಶಾಲೆ ಬಿಟ್ಟ ಮೇಲೆ ಮಗಳು ಮನೆಯಲ್ಲೇ ಇದ್ದಳು. ಹೋದ ವರ್ಷ ಪ್ರತಿ ಜಾಯಿಂಟಿಗೂ ನಂಬರ್ ಬಿಲ್ಲೆ ಕಟ್ಟಬೇಕೆಂದು ಆದೇಶ ಬಂದಾಗ, ಅಪ್ಪ ಚೀಲದ ತುಂಬ ತಗಡಿನ ಬಿಲ್ಲೆಗಳನ್ನು ಮನೆಗೆ ತಂದ. ಊಟದ ಮೇಜಿನ ಮೇಲೆ ದಪ್ಪ ಹಲಗೆ ಇಟ್ಟು, ಅಂಕಿಯ ಅಚ್ಚನ್ನು ಬಿಲ್ಲೆಯ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಒಂದೊಂದು ಏಟು. ಎರಡು ಸಾವಿರದ ನೂರ ನಲವತ್ತಾರು ಬಿಲ್ಲೆ. ಅಷ್ಟನ್ನೂ ಹೊಡೆದವಳು ಅವಳು. ಆರು ಮತ್ತು ಒಂಬತ್ತಕ್ಕೆ ಒಂದೇ ಅಚ್ಚು ಸಾಕೆಂದು ಕಂಡುಹಿಡಿದಾಗ ಅಪ್ಪ, "ನಮ್ಮ ಎಂಜಿನಿಯರಿಗೂ ಹೊಳೆದಿರಲಿಲ್ಲ," ಎಂದಿದ್ದ. ಅವಳು ಅದನ್ನು ವಾರವೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದಳು.

ಮೇಜಿನ ಇನ್ನೊಂದು ಬದಿಯಲ್ಲಿ ಅಪ್ಪ ಪೆನ್ಸಿಲ್ ಹಿಡಿದು ಆ ವರ್ಷದ ಫಾರ್ಮು ತುಂಬುತ್ತಿದ್ದ. ಅಂದಾಜು ಅಂದರೆ ಪೆನ್ಸಿಲ್, ಸಹಿ ಅಂದರೆ ಶಾಯಿ: ಅದು ಅವನ ಕ್ರಮ. ಒಂದು ಜಾಯಿಂಟಿಗೆ ಗಂಟೆಗೆ ಇಷ್ಟು ಗ್ರಾಂ ಎಂದು ಒಂದು ಪುಸ್ತಕದಲ್ಲಿತ್ತು. ಅದನ್ನು ಜಾಯಿಂಟುಗಳಿಂದ ಗುಣಿಸು, ವರ್ಷದ ಗಂಟೆಗಳಿಂದ ಗುಣಿಸು. ನಲವತ್ತೆರಡು ಟನ್. ಹತ್ತೊಂಬತ್ತು ವರ್ಷದಿಂದ ಹೆಚ್ಚು ಕಡಿಮೆ ಅದೇ.

"ಅಪ್ಪ, ಈ ಪುಸ್ತಕ ಬರೆದೋರು ನಮ್ಮ ಪ್ಲಾಂಟ್ ನೋಡಿದ್ದಾರಾ?"

"ಎಲ್ಲಿಂದ ನೋಡ್ತಾರೆ? ಅದು ಸರಾಸರಿ."

"ಯಾವುದರ ಸರಾಸರಿ?"

ಅಪ್ಪ ನಕ್ಕ. ಅವಳಿಗೆ ತೋರಿಸಲೆಂದು ಪುಸ್ತಕ ಬಿಡಿಸಿದ. ಕನ್ನಡಕ ಹಣೆಗೇರಿಸಿ, ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಇನ್ನೊಮ್ಮೆ ಓದಿದ. ಮೂರು ತಿಂಗಳಿಗೊಮ್ಮೆ ಪ್ರತಿ ಜಾಯಿಂಟನ್ನೂ ಪರೀಕ್ಷಿಸಿ ಬಿಗಿ ಮಾಡುವ ಪ್ಲಾಂಟುಗಳಿಗೆ ಮಾತ್ರ ಈ ಅಂಕಿ, ಎಂದಿತ್ತು ಅಲ್ಲಿ.

"ನಮ್ಮಲ್ಲಿ ಬಿಗಿ ಮಾಡ್ತಾರಾ?" ಎಂದು ಕೇಳಿದಳು.

ಅಪ್ಪ ಪುಸ್ತಕ ಮುಚ್ಚಿದ. ಊಟಕ್ಕೂ ಏಳಲಿಲ್ಲ. ಮರುದಿನ ಬೆಳಗ್ಗೆ ಗಡ್ಡದ ಹಳೆಯ ಬ್ರಷ್ಷು, ಒಂದು ಚೂರು ಸೋಪು ಚೀಲಕ್ಕೆ ಹಾಕಿಕೊಂಡು ಹೋದ.

ಎಂಟು ತಿಂಗಳು ಹತ್ತಿ ಇಳಿದ. ಯಾರೂ ಹೋಗದ ಮೇಲಿನ ಕಟ್ಟೆಗಳಿಗೆ, ಟ್ಯಾಂಕುಗಳ ಸಂದಿಗೆ, ಜಾಯಿಂಟಿಗೆ ಮುಖ ಕೊಟ್ಟು. ಮುನ್ನೂರ ಹನ್ನೊಂದು ಕಡೆ ಗುಳ್ಳೆ ಎದ್ದಿತು. ಅಷ್ಟು ಹೊತ್ತಿಗೆ, ಮೊದಲು ರಾತ್ರಿ ಮಾತ್ರ ಬರುತ್ತಿದ್ದ ಅವನ ಕೆಮ್ಮು ಹಗಲೂ ಬರತೊಡಗಿತ್ತು. ಡಾಕ್ಟರು ಕೊನೆಗೆ ಸಾವಿನ ಕಾರಣ ಹೃದಯ ಎಂದು ಬರೆದರು. ಮಗಳು ಮಾತ್ರ ಮೇಜಿನ ಮುಂದೆ ಕೂತಾಗಲೆಲ್ಲ ತನ್ನ ಪ್ರಶ್ನೆಯನ್ನು ನೆನೆಸಿಕೊಳ್ಳುತ್ತಿದ್ದಳು.

*

ಸಾಹೇಬರು ಹತ್ತು ಗಂಟೆಗೆ ಬಂದರು. ದೊಡ್ಡ ಹೂವಿನ ಚಕ್ರವನ್ನು ತಾವೇ ಹೊತ್ತು ತಂದು ಅಪ್ಪನ ಕಾಲ ಬಳಿ ಇಟ್ಟು, ತಲೆ ಬಾಗಿಸಿ ನಿಂತರು. ಕಣ್ಣೊರೆಸಿಕೊಂಡದ್ದೂ ನಿಜವಾದ ನೀರನ್ನೇ. ಆಮೇಲೆ ತಾಯಿಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದರು, "ಕ್ವಾರ್ಟರ್ಸ್ ಖಾಲಿ ಮಾಡೋ ವಿಷಯ ತಲೆ ಕೆಡಿಸ್ಕೋಬೇಡಿ ಅಮ್ಮ. ಅವಸರ ಏನಿಲ್ಲ. ನಾನಿದ್ದೀನಿ."

ತಾಯಿ ಕೈಮುಗಿದಳು.

"ಒಂದು ಫೈಲು ಇತ್ತು. ನಾಳೆ ಕಳಿಸಬೇಕು, ಇಲ್ಲದಿದ್ರೆ ಇವತ್ತು ಕೇಳ್ತಿರಲಿಲ್ಲ."

ತಾಯಿ ಮಗಳ ಕಡೆ ನೋಡಿದಳು. ಮಗಳು ಒಳಕೋಣೆಗೆ ಹೋದಳು. ಸಾಹೇಬರೂ ಹಿಂದೆ ಬಂದು ಊಟದ ಮೇಜಿನ ಮುಂದೆ ಕೂತರು. ಅವಳು ಫೈಲು ತೆರೆದು ಇಟ್ಟು, ಬೆರಳನ್ನು ಸಂಖ್ಯೆಯ ಕೆಳಗಿಟ್ಟಳು.

"ಇದು ಎಣಿಸಿದ್ದು," ಎಂದಳು.

"ಏನಮ್ಮ?"

"ಅಪ್ಪ ಎಣಿಸಿದ್ದು. ಮುನ್ನೂರ ಹನ್ನೊಂದು ಕಡೆ ಗುಳ್ಳೆ ಬಂತು. ಸೋರೋ ಜಾಯಿಂಟಿಗೆ ಪುಸ್ತಕದಲ್ಲಿ ಬೇರೆ ಅಂಕಿ ಇದೆ. ಅದನ್ನ ಹಾಕಿದ್ರೆ ನೂರ ತೊಂಬತ್ತು ಟನ್ ಆಗತ್ತೆ." ಇಷ್ಟು ಮಾತನ್ನು ಅವಳು ಹೊರಗಿನವರ ಮುಂದೆ ಎಂದೂ ಆಡಿರಲಿಲ್ಲ. "ಹಾಗೇ ಕಳಿಸಬೇಕಂತೆ."

ಸಾಹೇಬರು ಕಾಗದದ ಮೇಲೆ ಬಾಗಿದರು.

"ನನಗೆ ಗೊತ್ತು ಮಗು. ನನಗೂ ಹೇಳಿದ್ರು. ನಾನೂ ಇದೇ ಗಾಳಿ ಕುಡಿಯೋನು, ನನ್ನ ಮಕ್ಕಳೂ ಇಲ್ಲೇ. ಆದ್ರೆ ಈ ಫಾರ್ಮು ನೋಡು. ಒಟ್ಟು ಜಾಯಿಂಟ್ ಎಷ್ಟು ಅಂತ ಕೇಳಿದ್ದಾರೆ. ಗುಳ್ಳೆಗೆ ಕಾಲಂ ಇಲ್ಲ."

ಅವಳು ಬೆರಳು ತೆಗೆಯಲಿಲ್ಲ.

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೋದ ವರ್ಷ ನಲವತ್ತೆರಡು, ಈ ವರ್ಷ ನೂರ ತೊಂಬತ್ತು. ಮೊದಲು ಏನು ಕೇಳ್ತಾರೆ? ಹತ್ತೊಂಬತ್ತು ವರ್ಷ ಸುಳ್ಳು ಬರೆದೋನು ಯಾರು ಅಂತ. ಎಲ್ಲಾ ಫಾರ್ಮಲ್ಲೂ ಇರೋದು ಒಂದೇ ಸಹಿ." ಅವರು ಹೊರಗಿನ ಕೋಣೆಯ ಕಡೆ ನೋಡಿದರು. "ಅವರು ಎದ್ದು ಬಂದು ಉತ್ತರ ಹೇಳೋ ಹಾಗಿಲ್ಲ."

ಬಾಗಿಲಲ್ಲಿ ತಾಯಿ ನಿಂತಿದ್ದಳು. "ಸಾಹೇಬರು ಹೇಳಿದ ಹಾಗೆ ಕೇಳು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಮಗಳ ಕೈಯನ್ನು ಸಡಿಲ ಮಾಡಿತು.

ಕಾಗದದ ಕೆಳಗೆ ಅಪ್ಪನ ಸಹಿ ಶಾಯಿಯಲ್ಲಿತ್ತು, ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದದ್ದಾದ್ದರಿಂದ ಸ್ವಲ್ಪ ಸೊಟ್ಟಗೆ. ಸಂಖ್ಯೆ ಎಂದಿನಂತೆ ಪೆನ್ಸಿಲಿನಲ್ಲಿತ್ತು.

"ರಬ್ಬರ್ ಇದೆಯಾ ಮಗು?"

ಅವಳು ಇಲ್ಲ ಎನ್ನಬಹುದಿತ್ತು. ಆದರೆ ಯಾರಾದರೂ ಏನಾದರೂ ಕೇಳಿದರೆ ತಂದುಕೊಟ್ಟೇ ಅವಳಿಗೆ ಅಭ್ಯಾಸ. ಅಪ್ಪನ ಡಬ್ಬಿಯಿಂದ ತಂದುಕೊಟ್ಟಳು. ಸಾಹೇಬರು ಕಾಗದ ಹರಿಯದ ಹಾಗೆ ಮೆಲ್ಲಗೆ ಉಜ್ಜಿದರು, ಬಾಯಿಂದ ಊದಿದರು, ನಲವತ್ತಮೂರು ಎಂದು ಬರೆದರು. "ಒಂದು ಟನ್ ಜಾಸ್ತಿಯೇ ಹಾಕಿದ್ದೀನಿ," ಎಂದರು, ಅವಳಿಗೇನೋ ಕೊಟ್ಟವರ ಹಾಗೆ.

ಅವರು ಎದ್ದ ಮೇಲೆ ಅವಳು ರಬ್ಬರಿನ ಬೂದು ಪುಡಿಯನ್ನು ಅಂಗೈಗೆ ಸರಿಸಿಕೊಂಡಳು. ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಹೊರಗೆ ಮಾವ ಕೂಗುತ್ತಿದ್ದ: "ವ್ಯಾನು ಬಂತು, ಎಲ್ಲಿದ್ದೀಯೇ?" ಅವಳು ಮುಷ್ಟಿ ಮುಚ್ಚಿಕೊಂಡೇ ಹೋಗಿ ಹತ್ತಿದಳು.

*

ಎಲ್ಲ ಮುಗಿಸಿ ಹಿಂದಿರುಗಿದಾಗ ಮಧ್ಯಾಹ್ನ ಇಳಿದಿತ್ತು. ಒಬ್ಬೊಬ್ಬರಾಗಿ ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆದು ಒಳಗೆ ಹೋದರು. ಫಿಟ್ಟರ್ ಕೊನೆಗೆ ಉಳಿದ.

"ಹೇಳಿದೆಯಂತೆ," ಎಂದ.

ಅವಳು ತಲೆಯಾಡಿಸಿದಳು.

"ನಾವು ಯಾರೂ ಹೇಳ್ಲಿಲ್ಲ ನೋಡು. ಮುನ್ನೂರ ಹನ್ನೊಂದೂ ಬಿಗಿ ಮಾಡಕ್ಕೆ ನನಗೆ ಇಪ್ಪತ್ತು ದಿನ ಸಾಕು. ಆದ್ರೆ ಪ್ಲಾಂಟ್ ನಿಲ್ಲಿಸ್ಬೇಕಲ್ಲ. ಯಾರು ನಿಲ್ಲಿಸ್ತಾರೆ?" ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇವತ್ತೂ ರಾತ್ರಿ ಪಾಳಿ ನಂದು. ಬರ್ತೀನಮ್ಮ."

ಅವಳು ಮುಷ್ಟಿ ಬಿಡಿಸಿದಳು. ಬೂದು ಪುಡಿ ಬೆವರಿಗೆ ಅಂಟಿಕೊಂಡಿತ್ತು. ಸೋಪು ಹಾಕಿ ತೊಳೆದಳು. ನೊರೆ ಮಗ್ಗಿನ ನೀರಿಗೆ ಬಿತ್ತು.

ಹಿತ್ತಿಲ ಗೋಡೆಯಾಚೆ ಪ್ಲಾಂಟಿನ ಪೈಪೊಂದು ಎದೆಮಟ್ಟದಲ್ಲಿ ಹಾದುಹೋಗುತ್ತಿತ್ತು. ಗೋಡೆಯ ಮೂಲೆಯ ಹತ್ತಿರ ಅದರದೊಂದು ಜಾಯಿಂಟು, ತಂತಿಯಲ್ಲಿ ಕಟ್ಟಿದ ಬಿಲ್ಲೆ. 2146. ಕೊನೆಯ ಬಿಲ್ಲೆ, ಸುತ್ತಿಗೆ ಜಾರಿ ಆರು ಸ್ವಲ್ಪ ವಾಲಿತ್ತು.

ಅವಳು ಕಿಟಕಿಯಿಂದ ಬ್ರಷ್ಷು ತೆಗೆದುಕೊಂಡು, ಮಗ್ಗಿನಲ್ಲಿ ಅದ್ದಿ, ಗೋಡೆಯ ಮೇಲಿಂದ ಕೈಚಾಚಿ ಜಾಯಿಂಟಿನ ಸುತ್ತ ಹಚ್ಚಿದಳು. ಅಪ್ಪನ ಹಾಗೆಯೇ, ಕೆಳಗಿನಿಂದ ಮೇಲಕ್ಕೆ.

"ಏನು ಮಾಡ್ತಿದ್ದೀಯೇ ಅಲ್ಲಿ? ಒಳಗೆ ಬಾ, ಒಂದು ತುತ್ತು ತಿನ್ನು," ಎಂದು ಮಾವ ಒಳಗಿನಿಂದ ಕರೆದ.

ನೊರೆಯ ಒಂದು ಮೂಲೆ ಅಲುಗಿತು. ಗುಳ್ಳೆಯೊಂದು ಎದ್ದು, ದ್ರಾಕ್ಷಿಯಷ್ಟಾಗಿ, ಸಂಜೆಯ ಬೆಳಕಿನಲ್ಲಿ ಬಣ್ಣ ತಿರುಗಿಸಿ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ಒಡೆಯಿತು. ಅವಳು ಬ್ರಷ್ಷು ಹಿಡಿದು ನಿಂತೇ ಇದ್ದಳು. ಮತ್ತೊಂದು ಆಗಲೇ ಉಬ್ಬುತ್ತಿತ್ತು.