ಒಂದೂ ಪೆಟ್ಟಿಲ್ಲದ ಗಾಡಿ

ನಾನು ಒಂದು ಬಿಳಿ ಕಾರು. ಒಂದೂ ಪೆಟ್ಟು ತಿನ್ನದ ಗಾಡಿ ಎಂದು ನನ್ನ ಬಗ್ಗೆ ಒಂದು ಕಾಗದ ಹೇಳುತ್ತದೆ. ಆ ಕಾಗದದ ಮೇಲೆ ದೊಡ್ಡದೊಂದು ಹಸಿರು ಗುರುತು ಬೇರೆ ಇದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈಯೆಲ್ಲ ಉರಿಯುತ್ತದೆ. ಈಗ ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲಿಲ್ಲ, ಆದರೂ ಉರಿಯುತ್ತದೆ.

ನಾನು ಹುಟ್ಟಿದ್ದು ಸಮುದ್ರದ ಹತ್ತಿರದ ಒಂದು ಕಾರ್ಖಾನೆಯಲ್ಲಿ. ಯಂತ್ರಗಳೇ ನನ್ನ ಮೈ ಜೋಡಿಸಿದವು, ಯಂತ್ರಗಳೇ ಬಣ್ಣ ಹೊಡೆದವು. ಆದರೆ ಸ್ಟೀರಿಂಗಿನ ನಡುವಿನ ಪುಟ್ಟ ಗೂಡಿನಲ್ಲಿ ಏರ್‌ಬ್ಯಾಗು ಕೂರಿಸಿದ್ದು ಮಾತ್ರ ಒಬ್ಬ ಹೆಂಗಸು. ಮಡಿಸಿದ ಆ ಚೀಲವನ್ನು ಗೂಡಿನೊಳಗಿಟ್ಟು, ಮುಚ್ಚಳ ಹಾಕಿ, ಮಗುವಿನ ಬೆನ್ನು ತಟ್ಟಿದ ಹಾಗೆ ಎರಡು ಸಲ ತಟ್ಟಿದಳು. ಆಗಿನ ಕಾಲಕ್ಕೆ ನನ್ನಂಥ ಸಣ್ಣ ಗಾಡಿಗಳಿಗೆ ಡ್ರೈವರ್ ಮುಂದೆ ಒಂದೇ ಏರ್‌ಬ್ಯಾಗು. ಜೋರಾಗಿ ಎಲ್ಲಾದರೂ ಗುದ್ದಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ ಓಡಿಸುವವನ ಮುಖ ಕಾಯಬೇಕು. ಒಂದು ಸಲ ಉಬ್ಬಿದರೆ ಮುಗಿಯಿತು, ಹೊಸದನ್ನೇ ಹಾಕಿಸಬೇಕು. ನನ್ನ ಇಡೀ ಕಥೆ ಇರುವುದು ಆ ಗೂಡಿನಲ್ಲಿ. ಅದನ್ನು ಮರೆಯಬೇಡಿ.

ಮದ್ದೂರಿನ ಯೋಗಾನಂದ ನನ್ನ ಮೊದಲ ಒಡೆಯ. ಒಡೆಯ ಅಂದರೆ, ಅವನ ಮಾವ ಮಗಳ ಮದುವೆಗೆಂದು ನನ್ನನ್ನು ಉಡುಗೊರೆ ಕೊಟ್ಟಿದ್ದು. ನನ್ನ ಮೂತಿಗೆ ಅರಿಶಿನ ಬಳಿದು, ಸೇವಂತಿಗೆ ಹಾರ ಹಾಕಿ, ಛತ್ರದ ಮುಂದೆ ನಿಲ್ಲಿಸಿದ್ದರು. ಒಳಗೆ ಓಲಗ ಕೇಳುತ್ತಿತ್ತು. ಅಬ್ಬಾ, ಅದೆಂಥ ಊದು! ಮುಹೂರ್ತ ಬಂದಾಗ ಯಾರೋ "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೂಗಿದರು. ನಾಗಸ್ವರ, ಡೋಲು ಎರಡೂ ಒಟ್ಟಿಗೆ ಭೋರ್ಗರೆದವು. ತಾಳಿ ಕಟ್ಟುವ ಹೊತ್ತಿನಲ್ಲಿ ಒಂದು ಸೀನು, ಒಂದು ಅಳು, ಒಂದು ಕೆಟ್ಟ ಮಾತು ಹೆಣ್ಣಿನ ಕಿವಿಗೆ ಬೀಳಬಾರದಂತೆ. ಅದಕ್ಕೇ ಅಷ್ಟು ಗಟ್ಟಿಯಾಗಿ ಊದುತ್ತಾರೆ. ನನ್ನ ಗಾಜುಗಳೆಲ್ಲ ನಡುಗಿದವು. ಊದಿದವನು ಮಳವಳ್ಳಿಯ ಚೆಲುವರಾಜು. ಅವತ್ತು ನನಗೆ ಅವನ ಮುಖ ಕಾಣಲಿಲ್ಲ, ಉಸಿರು ಮಾತ್ರ ಕೇಳಿಸಿತು.

ಮದುಮಗಳು ಸುಚಿತ್ರಾ. ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತವಳು, ಯಾರೂ ನೋಡದಿರುವಾಗ ಬಾಗಿಲ ಮೇಲೆ ಕೈಯಾಡಿಸಿ, "ನೀನೂ ನನ್ ಜೊತೆ ಹೊಸ ಮನೆಗೆ ಬರ್ತಿದ್ದೀಯ ಅಲ್ವಾ" ಎಂದಳು. ನಾನು ಅವಳಿಗೆ ಅಲ್ಲೇ ಸೋತುಹೋದೆ. ಎಂಥ ಪೆದ್ದು ನಾನು!

ಮದುವೆಯಾಗಿ ವಾರ ಕಳೆದಿರಲಿಲ್ಲ. ಬೀಗರೂಟ ಮುಗಿಸಿ ಇಬ್ಬರೇ ಮದ್ದೂರಿಗೆ ಮರಳುತ್ತಿದ್ದರು. ಸಂಜೆಗತ್ತಲು. ಯೋಗಾನಂದ ಹೆಂಡತಿಯ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದ. ಮುಂದೆ ಕಬ್ಬು ತುಂಬಿದ ಟ್ರಾಕ್ಟರು, ಹಿಂದೆ ಒಂದು ದೀಪವಿಲ್ಲ. ನೋಡಿಕೊಂಡು ಬ್ರೇಕು ತುಳಿಯುವಷ್ಟರಲ್ಲಿ ನನ್ನ ಮೂತಿ ಟ್ರೈಲರಿನ ಅಡಿಗೆ ಹೋಗಿತ್ತು. ಢಬ್ ಎಂದು ಏರ್‌ಬ್ಯಾಗು ಉಬ್ಬಿತು. ಯೋಗಾನಂದನ ಮುಖ ಅದರಲ್ಲಿ ಹೂತುಕೊಂಡಿತು. ಕೆಳಗಿಳಿದಾಗ ಅವನ ಮೂಗಿನಿಂದ ಒಂದು ತೊಟ್ಟು ರಕ್ತವೂ ಬಂದಿರಲಿಲ್ಲ. ಸುಚಿತ್ರಾಳಿಗೆ ಬೆಲ್ಟು ಒತ್ತಿ ಭುಜ ಕೆಂಪಾಗಿತ್ತು, ಅಷ್ಟೆ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಹುಟ್ಟಿದ್ದಕ್ಕೆ ಸಾರ್ಥಕವಾಯಿತು ಅಂದುಕೊಂಡೆ.

ಸುದ್ದಿ ತಿಳಿದು ಯೋಗಾನಂದನ ತಾಯಿ ಪುಟ್ಟಗೌರಮ್ಮ ಆಟೋ ಮಾಡಿಕೊಂಡು ಓಡಿಬಂದಳು. ಮಗನ ಕೈಕಾಲು ಮುಟ್ಟಿ ನೋಡಿದಳು, ಸೊಸೆಯ ಭುಜ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಯಾರ್ಗೂ ಯೋಳ್ಬ್ಯಾಡಿ. ಕಾಲಿಟ್ಟು ವಾರ ಆಗಿಲ್ಲ, ಗಾಡಿ ಗುದ್ಸುದ್ರು ಅಂದ್ರೆ ಈ ಮಗೀನ ಕಾಲ್ಗುಣ ಸರಿಯಿಲ್ಲ ಅಂತ ಆಡ್ಕತಾರೆ. ಜೀವ ಇರೋಗಂಟ ಬುಡಕ್ಕಿಲ್ಲ ನಮ್ ಜನ. ನಂಗೊತ್ತಿಲ್ವಾ?"

"ಇನ್ಷೂರೆನ್ಸ್ ಅದೆ ಕನವ್ವ," ಎಂದ ಯೋಗಾನಂದ.

"ಅವ್ರು ಮನೆ ಮುಂದೆ ಬಂದು ಫೋಟೋ ಹೊಡೀತಾರೆ, ಅಕ್ಕಪಕ್ಕದೋರ್ನ ಕೇಳ್ತಾರೆ. ಬ್ಯಾಡ ಅಂದ್ರೆ ಬ್ಯಾಡ."

ಸುಚಿತ್ರಾ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಅಂಥ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾಳೆ ಹೇಳಿ? ಪುಟ್ಟಗೌರಮ್ಮ ಕೆಟ್ಟವಳಲ್ಲ, ಇದನ್ನು ನಾನು ಸಿಟ್ಟಿನಲ್ಲೂ ಹೇಳುತ್ತೇನೆ. ಸೊಸೆಯ ಮಾನ ಕಾಯಲು ಹೊರಟಳು. ಅಲ್ಲಿಂದಲೇ ಎಲ್ಲ ಹಾಳಾಯಿತು.

ನನ್ನ ಮೇಲೆ ಟಾರ್ಪಾಲು ಹೊದಿಸಿ ಕನಕಪುರಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಯೋಗಾನಂದನ ಸೋದರಮಾವನ ಮಗ ಪ್ರದೀಪನ ಗ್ಯಾರೇಜು. ಕೇಳಿದವರಿಗೆಲ್ಲ ಬಣ್ಣದಲ್ಲಿ ದೋಷವಿತ್ತು, ಶೋರೂಮಿನವರು ವಾಪಸು ತಗೊಂಡಿದ್ದಾರೆ ಎಂದರಂತೆ. ಪ್ರದೀಪ ಕೆಲಸಗಾರನೇ. ಬಾನೆಟ್ಟು ಬದಲಿಸಿದ, ಬಂಪರು ಬದಲಿಸಿದ, ಸೊಟ್ಟಗಾದ ಮೂತಿ ಎಳೆದು ನೆಟ್ಟಗೆ ಮಾಡಿದ. ಏರ್‌ಬ್ಯಾಗಿನ ಮಾತು ಬಂದಾಗ ತಲೆ ಕೆರೆದುಕೊಂಡ.

"ಭಾವ, ಇದನ್ನ ಕಂಪನಿ ಸರ್ವಿಸ್‌ನಲ್ಲೇ ಹಾಕ್ಸ್ಬೇಕು. ಅಲ್ಲಿ ಹಾಕ್ಸುದ್ರೆ ಅವ್ರ ಕಂಪ್ಯೂಟರ್‌ಗೆ ಹತ್ತೋಯ್ತದೆ. ಆಮೇಲೆ ಯಾರು ನಂಬರ್ ಹೊಡೆದ್ರೂ ಆಕ್ಸಿಡೆಂಟ್ ಗಾಡಿ ಅಂತ ಬತ್ತದೆ."

"ಸದ್ಯಕ್ಕೆ ಮುಚ್ಚಾಕು. ಆಮೇಲೆ ನಿಧಾನವಾಗಿ ಹಾಕ್ಸೋಣ," ಎಂದ ಯೋಗಾನಂದ.

ಪ್ರದೀಪ ಹರಿದ ಚೀಲವನ್ನು ಕತ್ತರಿಸಿ ಬಿಸಾಡಿದ. ಖಾಲಿ ಗೂಡಿನ ಮೇಲೆ ಬೇರೊಂದು ಮುಚ್ಚಳ ತಂದು ಅಂಟು ಹಾಕಿ ಕೂರಿಸಿದ. ಏರ್‌ಬ್ಯಾಗು ಕೆಟ್ಟಿದ್ದರೆ ಎಚ್ಚರಿಸಲೆಂದು ನನಗೆ ಒಂದು ಕೆಂಪು ದೀಪ ಇಟ್ಟಿದ್ದಾರೆ. ಅದರ ತಂತಿಗೆ ಅದೇನೋ ತುಂಡು ಸಿಕ್ಕಿಸಿ, ಎಲ್ಲ ಸರಿಯಾಗಿದೆ ಎಂದು ಅದನ್ನು ನಂಬಿಸಿಬಿಟ್ಟ. ಕೀ ತಿರುಗಿಸಿದರೆ ದೀಪ ಹತ್ತುತ್ತದೆ, ಸದ್ದಿಲ್ಲದೆ ಆರುತ್ತದೆ. ನನ್ನ ಬಾಯಿಗೇ ಬಟ್ಟೆ ತುರುಕಿದರು, ಇನ್ನೇನು ಹೇಳಲಿ.

ಆಮೇಲೆ ನಿಧಾನವಾಗಿ ಹಾಕ್ಸೋಣ ಎಂದವನ ನಿಧಾನ ಮುಗಿಯಲೇ ಇಲ್ಲ. ವರ್ಷಗಳು ಹೋದವು. ಸುಚಿತ್ರಾ ಡ್ರೈವಿಂಗ್ ಕಲಿತಳು. ನನ್ನ ಹಾರನ್ ಇರುವುದು ಆ ಮುಚ್ಚಳದ ಮೇಲೆ. ಅವಳು ಅದನ್ನು ನಡುವೆ ಒತ್ತುತ್ತಲೇ ಇರಲಿಲ್ಲ, ಅಂಚಿನಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತುತ್ತಿದ್ದಳು. ಒಳಗೆ ಏನೂ ಇಲ್ಲ ಎಂದು ಅವಳ ಬೆರಳಿಗೆ ಗೊತ್ತಿತ್ತು. ಒಂದೆರಡು ಸಲ ಗಂಡನಿಗೆ ಹೇಳಿದಳು, "ಅದನ್ನ ಹಾಕ್ಸಿಬಿಡ್ರೀ." ಅವನು "ಹೂಂ, ಹಾಕ್ಸೋಣ" ಎಂದು ರೇಡಿಯೋ ಜೋರು ಮಾಡಿದ. ಇತ್ತ ಯೋಗಾನಂದನಿಗೆ ಕೆಲಸದಲ್ಲಿ ಬಡ್ತಿ ಬಂತು, ಮನೆಯ ಮೇಲೆ ಮಾಳಿಗೆ ಎದ್ದಿತು. ಪುಟ್ಟಗೌರಮ್ಮ ಬಂದವರಿಗೆಲ್ಲ "ಎಲ್ಲಾ ನಮ್ ಸೊಸೆ ಕಾಲ್ಗುಣ ಕನ್ರವ್ವ" ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಸುಚಿತ್ರಾ ಒಳಗೆ ಎದ್ದು ಹೋಗುತ್ತಿದ್ದಳು.

ಮನೆಗೆ ದೊಡ್ಡ ಕಾರು ತರುವುದೆಂದಾಯಿತು. ನನ್ನನ್ನು ಕೊಳ್ಳಲು ಬಂದವನು ಯಾರು ಗೊತ್ತೇ? ಅದೇ ಚೆಲುವರಾಜು. ಐವತ್ತರ ಆಸುಪಾಸು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಊದಿ ಊದಿ ತುಂಬಿಕೊಂಡ ಕೆನ್ನೆ. ಜೊತೆಗೆ ಡೋಲು ಬಾರಿಸುವ ಭಾವಮೈದ ಸಿದ್ದರಾಜು. ಬಸ್ಸಿನಲ್ಲಿ ಡೋಲು ಸಾಗಿಸಿ ಸಾಗಿಸಿ ಸಾಕಾಗಿತ್ತಂತೆ. ಕಂಡಕ್ಟರುಗಳ ಬೈಗುಳ ಕೇಳಲಾರೆ ಎಂದ ಚೆಲುವರಾಜು.

ಪಾಪ, ಹುಷಾರಿನ ಮನುಷ್ಯ. ಹಳೇ ಗಾಡಿ ತಗೊಂಡು ಮೋಸ ಹೋದವರ ಕಥೆ ಕೇಳಿದ್ದ. ಅದಕ್ಕೇ ಯಾರದೋ ಮಾತು ಕೇಳಿ, ನನ್ನ ನಂಬರು ಹಾಕಿಸಿ, ಮೊಬೈಲಿನಲ್ಲಿ ನನ್ನ ಹಿಸ್ಟರಿ ರಿಪೋರ್ಟ್ ತೆಗೆಸಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೇ ಬಂದಿದ್ದ. ಒಡೆಯರು ಒಬ್ಬರೇ. ದಂಡ ಬಾಕಿಯಿಲ್ಲ. ಇನ್ಷೂರೆನ್ಸ್ ಕ್ಲೇಮು ಇಲ್ಲ. ದಾಖಲಾದ ಅಪಘಾತ ಇಲ್ಲ. ಪಕ್ಕದಲ್ಲಿ ಆ ಹಾಳು ಹಸಿರು ಗುರುತು.

'ದಾಖಲಾದ' ಎನ್ನುವುದನ್ನು ಯಾರೂ ಓದುವುದಿಲ್ಲ. 'ಇಲ್ಲ' ಎನ್ನುವುದನ್ನು ಓದುತ್ತಾರೆ. ರಿಪೋರ್ಟಿಗೆ ಗೊತ್ತಿರುವುದು ಅದಕ್ಕೆ ಯಾರಾದರೂ ಹೇಳಿದ್ದು ಮಾತ್ರ. ಟಾರ್ಪಾಲಿನಡಿಯಲ್ಲಿ ನಡೆದದ್ದು ಅದಕ್ಕೆ ಯಾರು ಹೇಳಬೇಕು?

"ಮೆಕ್ಯಾನಿಕ್‌ನ ಕರ್ಸಿ ತೋರ್ಸೋದಾದ್ರೆ ತೋರ್ಸಿ," ಎಂದ ಯೋಗಾನಂದ. ಧೈರ್ಯವೋ ನಾಟಕವೋ ಕಾಣೆ.

ಚೆಲುವರಾಜು ಬೇಡವೆಂದು ಕೈಯಾಡಿಸಿಬಿಟ್ಟ. "ಏ, ಬುಡಿ ಸಾಮಿ! ರಿಪೋರ್ಟ್ ಅದೆ. ಅದಕ್ಕಿಂತ ಹೆಚ್ಚಾಗಿ ನಿಮ್ ಮದ್ವೇಲಿ ಊದ್ದೋನು ನಾನು. ಈ ಮನೆ ಮಾತು ಸಾಲ್ದಾ ನಂಗೆ?"

ಆಮೇಲೆ ಕಾಫಿ ತಂದ ಸುಚಿತ್ರಾಳ ಕಡೆ ತಿರುಗಿದ. "ತಾಯಿ, ನೀವೂ ಓಡ್ಸಿದ್ದೀರಿ. ಏನಾರ ಇದ್ರೆ ಯೋಳ್ಬುಡಿ, ಬೇಜಾರಿಲ್ಲ."

ನನ್ನ ಜೀವವೆಲ್ಲ ಅವಳ ತುಟಿಯ ಮೇಲೆ ಹೋಗಿ ಕೂತಿತು. ಹೇಳು ತಾಯಿ, ಹೇಳು. ಬಾಗಿಲಲ್ಲಿ ಪುಟ್ಟಗೌರಮ್ಮ ನಿಂತಿದ್ದಳು, ಪಕ್ಕದ ಮನೆಯ ಹೆಂಗಸರಿಬ್ಬರು ಕಾಂಪೌಂಡಿನಾಚೆಯಿಂದ ನೋಡುತ್ತಿದ್ದರು. ಸುಚಿತ್ರಾ ನನ್ನ ಸ್ಟೀರಿಂಗನ್ನೇ ನೋಡುತ್ತ ನಿಂತಳು.

"ಹಾರನ್ ಮೆತ್ತಗೆ ಒತ್ತಿ ಅಣ್ಣ," ಎಂದಳು. "ಬೆಲ್ಟ್ ಹಾಕ್ಕೊಳ್ಳಿ." ಮತ್ತೆ, "ಬೆಲ್ಟ್ ಮಾತ್ರ ಮರೀಬೇಡಿ," ಎಂದಳು.

"ಸೈ ತಾಯಿ," ಎಂದು ನಕ್ಕ ಚೆಲುವರಾಜು.

ಅಷ್ಟೆ. ಮುಗಿಯಿತು. ಅವಳು ಒಳಗೆ ಹೋದಳು. ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಮಳವಳ್ಳಿಯಲ್ಲಿ ನನಗೆ ನಿಜವಾದ ಮರ್ಯಾದೆ ಸಿಕ್ಕಿತು. ಚೆಲುವರಾಜನ ಹೆಂಡತಿ ಪದ್ಮಮ್ಮ ಆರತಿ ಎತ್ತಿದಳು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಚೆಲುವರಾಜು ನನ್ನ ಮುಂದೆ ನಿಂತು ನಾಗಸ್ವರ ತೆಗೆದು, ನನಗೊಬ್ಬನಿಗೇ ಎಂಬಂತೆ ಕಲ್ಯಾಣಿ ರಾಗ ಊದಿದ. ಬೀದಿಯವರೆಲ್ಲ ನಿಂತು ಕೇಳಿದರು. ಆ ರಿಪೋರ್ಟನ್ನು ನಾಲ್ಕಾಗಿ ಮಡಿಸಿ ಡ್ಯಾಶ್‌ಬೋರ್ಡಿನ ಚೆಲುವನಾರಾಯಣ ಸ್ವಾಮಿಯ ಫೋಟೋ ಹಿಂದೆ ಇಟ್ಟ. ಗಾಡಿ ಹತ್ತಿದವರಿಗೆಲ್ಲ ತೆಗೆದು ತೋರಿಸುತ್ತಿದ್ದ, "ನೋಡ್ಕಳ್ಳಿ, ಒಂದೂ ಪೆಟ್ಟಿಲ್ಲ ನನ್ ಮಗೀಗೆ." ನಾಗಸ್ವರದ ಪೀಪಿಯನ್ನು ತುಟಿಯಲ್ಲಿಟ್ಟು ಒದ್ದೆ ಮಾಡಿಕೊಳ್ಳುತ್ತಲೇ ಓಡಿಸುವುದು ಅವನ ಅಭ್ಯಾಸ. ಆಗೆಲ್ಲ ಅವನ ತುಟಿಗೂ ನನ್ನ ಖಾಲಿ ಗೂಡಿಗೂ ಒಂದು ಮೊಳದ ಅಂತರ. ನನಗೆ ಅಲ್ಲಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಅಯ್ಯೋ ಮಾರಾಯ, ದೂರ ಕೂತ್ಕೋ ಎನ್ನಬೇಕೆನಿಸುತ್ತಿತ್ತು. ನನ್ನ ಕೆಂಪು ದೀಪವೋ, ದಿನಾ ಹತ್ತಿ, ಎಲ್ಲ ಚೆನ್ನಾಗಿದೆ ಎಂದು ಆರಿಹೋಗುತ್ತಿತ್ತು.

ಒಂದು ಬೆಳಗ್ಗೆ ಕೊಳ್ಳೇಗಾಲದ ಕಡೆ ಮದುವೆಗೆ ಹೊರಟಿದ್ದೆವು. ಚೆಲುವರಾಜು ಬೆಲ್ಟು ಹಾಕಿದ್ದ, ಮರೆಯುವವನಲ್ಲ. ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ತಪ್ಪಿಸಲು ಸ್ಟೀರಿಂಗು ತಿರುಗಿಸಿದ. ನಾನು ನೇರವಾಗಿ ಮೋರಿಯ ಕಲ್ಲುಗೋಡೆಗೆ ಹೋಗಿ ಗುದ್ದಿದೆ. ಟ್ರಾಕ್ಟರಿಗೆ ಗುದ್ದಿದಂಥದೇ ಪೆಟ್ಟು. ಅವತ್ತು ಢಬ್ ಎಂದಿತ್ತು. ಇವತ್ತು ಏನೂ ಇಲ್ಲ. ಬೆಲ್ಟು ಅವನ ಎದೆ ಹಿಡಿದುಕೊಂಡಿತು. ಮುಖ ಹಿಡಿಯಲು ಯಾರೂ ಇರಲಿಲ್ಲ. ಅವನ ಬಾಯಿ ನೇರವಾಗಿ ಸ್ಟೀರಿಂಗಿನ ಮೇಲೆ ಬಂದು ಬಡಿಯಿತು.

ಪಕ್ಕದ ಸೀಟಿನಲ್ಲಿದ್ದ ಸಿದ್ದರಾಜು ಸಣ್ಣ ಗಾಯದಲ್ಲಿ ಉಳಿದ. ಹಿಂದಿನ ಸೀಟಿನ ನಾಗಸ್ವರಕ್ಕೆ ಒಂದು ಗೀರೂ ಬೀಳಲಿಲ್ಲ. ಚೆಲುವರಾಜನ ಮುಂದಿನ ಹಲ್ಲುಗಳು ಹೋದವು, ದವಡೆ ಮುರಿಯಿತು, ಮೇಲ್ದುಟಿ ಎರಡಾಗಿ ಸೀಳಿತು. ಜೀವ ಉಳಿಯಿತಲ್ಲ ಎಂದರು ಜನ. ಓಲಗದವನಿಗೆ ಜೀವ ಇರುವುದು ಎಲ್ಲಿ ಎಂದು ಅವರಿಗೇನು ಗೊತ್ತು.

ನನ್ನನ್ನು ಮಳವಳ್ಳಿಯ ಒಂದು ಗ್ಯಾರೇಜಿನ ಅಂಗಳಕ್ಕೆ ತಂದು ಹಾಕಿದರು. ಕೆಲವು ವಾರಗಳ ನಂತರ ಚೆಲುವರಾಜು ಹೆಂಡತಿಯ ಜೊತೆ ಬಂದ. ಗ್ಯಾರೇಜಿನವನು ಸ್ಟೀರಿಂಗಿನ ಮುಚ್ಚಳ ಕಿತ್ತು ತೋರಿಸಿದ. ಒಣಗಿದ ಅಂಟು, ಖಾಲಿ ಗೂಡು. ಪದ್ಮಮ್ಮ ಅದರೊಳಗೆ ಕೈ ಹಾಕಿ ನೋಡಿದಳು, ನಂಬಿಕೆ ಬರದೆ ಮತ್ತೆ ಹಾಕಿ ನೋಡಿದಳು. ಅವಳೇ ಫೋನು ಮಾಡಿ ಮದ್ದೂರಿನವರನ್ನು ಕರೆಸಿದಳು.

"ರಿಪೋರ್ಟ್ ನೋಡ್ಕೊಂಡೇ ತಗೊಂಡ್ರಲ್ವಾ?" ಎಂದು ಶುರುಮಾಡಿದ ಯೋಗಾನಂದ. "ಮೆಕ್ಯಾನಿಕ್‌ಗೂ ತೋರ್ಸಿ ಅಂದಿದ್ದೆ."

"ನಿಮ್ಗೆ ಗೊತ್ತಿತ್ತೋ ಇಲ್ವೋ, ಅದ್ನ ಯೋಳಿ!" ಎಂದು ಪದ್ಮಮ್ಮ ಕಿರುಚಿದಳು.

"ಗೊತ್ತಿತ್ತು," ಎಂದಳು ಸುಚಿತ್ರಾ. ಎಲ್ಲರೂ ಅವಳನ್ನು ನೋಡಿದರು. "ಮದುವೆಯಾದ ವಾರದಲ್ಲೇ ಗುದ್ದಿತ್ತು. ನನ್ನ ಕಾಲ್ಗುಣ ಅಂತಾರೆ ಅಂತ ಮುಚ್ಚಿಟ್ರು. ಅವತ್ತು ನೀವು ಕೇಳಿದಾಗ ಹೇಳ್ಬೇಕಿತ್ತು ಅಣ್ಣ. ಬಾಯಿಗೆ ಬಂದಿತ್ತು."

ಚೆಲುವರಾಜು ಹೊಲಿಗೆ ಹಾಕಿದ ತುಟಿಯ ಮೇಲೆ ಟವೆಲ್ಲು ಒತ್ತಿಕೊಂಡ. ಆಮೇಲೆ ಒಂದೊಂದೇ ಮಾತು ಕಷ್ಟಪಟ್ಟು ಹೊರಗೆ ತಂದ.

"ಕೆಟ್ಟ ಮಾತು ನಿನ್ ಕಿವೀಗೆ ಬೀಳಬಾರ್ದು ಅಂತ ಅವತ್ತು ಗಟ್ಟಿಮೇಳ ಊದ್ದೋನು ನಾನೇ ಕನವ್ವ. ಈ ಬಾಯಲ್ಲೇ."

ಸುಚಿತ್ರಾ ನನ್ನ ಕಡೆ ತಿರುಗಿದಳು. ನನ್ನ ಬಾಗಿಲಿಗೆ ಕೈಯಿಟ್ಟುಕೊಳ್ಳಲು ಬಂದಳು. ಮೊದಲ ಸಲ ನನಗೆ ಅವಳ ಕೈ ಬೇಡವಾಗಿತ್ತು.

ಈಗ ನಾನು ಗುಜರಿಯಲ್ಲಿದ್ದೇನೆ. ನನ್ನ ಇನ್ಷೂರೆನ್ಸು ಎದುರಿನವರ ನಷ್ಟಕ್ಕಷ್ಟೇ ಆಗುವಂಥದ್ದಾಗಿತ್ತು, ಹಾಗಾಗಿ ಈ ಸಲವೂ ಕ್ಲೇಮಿಲ್ಲ. ಮೊನ್ನೆ ಗುಜರಿಯವನು ಸುಮ್ಮನೆ ಮೊಬೈಲಿನಲ್ಲಿ ನನ್ನ ನಂಬರು ಹೊಡೆದು ನೋಡಿ ಬಿದ್ದು ಬಿದ್ದು ನಕ್ಕ. ಮೂತಿಯಿಲ್ಲದ, ಗಾಜಿಲ್ಲದ ನನಗೆ ಅದೇ ಹಸಿರು ಗುರುತು, ದಾಖಲಾದ ಅಪಘಾತ ಇಲ್ಲ!

ನನ್ನನ್ನು ಇಲ್ಲಿ ಬಿಟ್ಟುಹೋದ ದಿನ ಚೆಲುವರಾಜು ಸ್ವಾಮಿಯ ಫೋಟೋ ತೆಗೆದು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಹಿಂದಿದ್ದ ರಿಪೋರ್ಟು ಕೈಗೆ ಬಂತು. ಹರಿಯುತ್ತಾನೆ ಅಂದುಕೊಂಡೆ. ಹರಿಯಲಿಲ್ಲ. ಮುದುರಿ ಉಂಡೆ ಮಾಡಿ, ಸ್ಟೀರಿಂಗಿನ ಖಾಲಿ ಗೂಡಿನೊಳಗೆ ತುರುಕಿ, ಅಂಗೈಯಿಂದ ಒತ್ತಿ ಹೊರಟುಹೋದ. ಅವನು ನನ್ನನ್ನು ಓಡಿಸಿದಷ್ಟು ದಿನವೂ ಅವನ ಮುಖ ಕಾಯಲು ನನ್ನ ಹತ್ತಿರ ಇದ್ದದ್ದು ಅದೊಂದೇ ತಾನೆ.

ರಸ್ತೆಯಾಚೆ ಒಂದು ಕಲ್ಯಾಣ ಮಂಟಪವಿದೆ. ಆಗಾಗ ಗಟ್ಟಿಮೇಳ ಕೇಳಿಸುತ್ತದೆ. ಡೋಲಿನ ಪೆಟ್ಟು ಸಿದ್ದರಾಜುವಿನದೇ, ನನಗೆ ಗೊತ್ತಾಗುತ್ತದೆ. ನಾಗಸ್ವರ ಬೇರೆ ಯಾರದೋ.

ನೀವು ಹಳೇ ಗಾಡಿ ಕೊಳ್ಳಲು ಹೋದರೆ ರಿಪೋರ್ಟು ನೋಡಿ, ಬೇಡವೆನ್ನುವುದಿಲ್ಲ. ಆಮೇಲೆ ಅದನ್ನು ಮಡಿಸಿಟ್ಟು ಮುಚ್ಚಳ ತೆಗೆಸಿ ನೋಡಿ. ಮನೆಯವರ ಮುಖವನ್ನೂ ನೋಡಿ. ಅಲ್ಲಿ ಯಾರಾದರೂ ಬೆಲ್ಟು ಹಾಕ್ಕೊಳ್ಳಿ ಎಂದು ಎರಡೆರಡು ಸಲ ಹೇಳಿದರೆ, ಯಾಕೆ ತಾಯಿ ಎಂದು ಒಂದು ಮಾತು ಕೇಳಿ. ಚೆಲುವರಾಜು ಕೇಳಲಿಲ್ಲ, ನಗುತ್ತ ಸೈ ಎಂದುಬಿಟ್ಟ.